ಕಫದ ಕಿಟಕಿ, ರಕ್ತದ ಕಿಟಕಿ

ನಮ್ಮ ಲ್ಯಾಬಿನಲ್ಲಿ ಎರಡು ಕಿಟಕಿ ಇವೆ. ಒಂದರಲ್ಲಿ ಟಿಬಿ ಪರೀಕ್ಷೆಗೆ ಕಫದ ಡಬ್ಬಿ ತೆಗೆದುಕೊಳ್ಳುತ್ತೇವೆ, ಇನ್ನೊಂದರ ಹತ್ತಿರ ರಕ್ತ ತೆಗೆಯುತ್ತೇವೆ. ರಿಜಿಸ್ಟರ್ ಬೇರೆ, ರಿಪೋರ್ಟ್ ಬೇರೆ. ಎದೆಯೂ ಅದೇ ರೋಗಿಯದು, ರಕ್ತವೂ ಅವರದೇ, ಆದರೆ ಎರಡು ಕಾಗದ ಒಟ್ಟಿಗೆ ಇಟ್ಟು ಯಾರಾದರೂ ನೋಡಿದ್ದು ನಾನು ಕಂಡಿದ್ದೇ ಕಡಿಮೆ. ಕೋಲಾರ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ನಾನು. ಜನ ಸಾಲದ ಒಂದು ವರ್ಷ ಎರಡೂ ಕಿಟಕಿ ನನ್ನ ತಲೆ ಮೇಲೇ ಬಂತು. ಆಗ ಶುರುವಾಗಿದ್ದು ಈ ನೋಟ್‌ಬುಕ್.

200 ಪುಟದ ಲಾಂಗ್ ಬುಕ್. ಹೆಸರು ಬರೆಯಲಿಲ್ಲ, ನಂಬರ್ ಮಾತ್ರ. ಎಡಪುಟದಲ್ಲಿ ಕಫದ ಫಲಿತಾಂಶ. ಬಲಪುಟದಲ್ಲಿ ಸಿಆರ್‌ಪಿ (ಉರಿಯೂತ ಇದ್ದರೆ ರಕ್ತದಲ್ಲಿ ಏರುವ ಪ್ರೋಟೀನ್), ಇಎಸ್‌ಆರ್ (ಟ್ಯೂಬಿನಲ್ಲಿ ಕೆಂಪು ರಕ್ತಕಣ ಎಷ್ಟು ಬೇಗ ಕೆಳಗಿಳಿಯುತ್ತದೆ ಅನ್ನುವ ಲೆಕ್ಕ), ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಬಿಳಿ ರಕ್ತಕಣಗಳ ಲೆಕ್ಕ. ಸಂಶೋಧನೆ ಅಂತ ದೊಡ್ಡ ಮಾತು ಬೇಡ. ಶ್ವಾಸಕೋಶದಲ್ಲಿ ಟಿಬಿ ಕ್ರಿಮಿ ಜಾಸ್ತಿ ಇದ್ದರೆ ರಕ್ತಕ್ಕೆ ಗೊತ್ತಾಗುತ್ತದಾ, ಇಷ್ಟೇ ನನ್ನ ಪ್ರಶ್ನೆ.

ಕಫದ ಕಡೆ ಲೆಕ್ಕ ಹೀಗೆ. ಸ್ಲೈಡಿಗೆ ಕೆಂಪು ಬಣ್ಣ ಹಾಕಿ, ಕೆಳಗಿನಿಂದ ಬಿಸಿ ಮಾಡಿ ಆವಿ ಏಳಿಸಬೇಕು, ಕುದಿಸಬಾರದು. ಆಮೇಲೆ ಆಸಿಡ್, ಕೊನೆಗೆ ನೀಲಿ. ಆಸಿಡ್ಡಿಗೂ ಬಗ್ಗದೆ ಕೆಂಪಗೆ ಉಳಿದದ್ದು ಟಿಬಿ ಕ್ರಿಮಿ. ಮೈಕ್ರೋಸ್ಕೋಪಿನಲ್ಲಿ ಒಮ್ಮೆಗೆ ಕಾಣುವಷ್ಟು ಜಾಗ ಒಂದು ಫೀಲ್ಡ್. 100 ಫೀಲ್ಡ್ ನೋಡಿದರೆ 1ರಿಂದ 9 ಸಿಕ್ಕರೆ ಸ್ಕ್ಯಾಂಟಿ, 10ರಿಂದ 99 ಸಿಕ್ಕರೆ 1+. ಒಂದೊಂದು ಫೀಲ್ಡಿನಲ್ಲೇ 1ರಿಂದ 10 ಇದ್ದರೆ 2+, ಹತ್ತಕ್ಕಿಂತ ಜಾಸ್ತಿ ಇದ್ದರೆ 3+. ಟೊಮೆಟೊ ಮಂಡಿಯಲ್ಲಿ ಮೂಟೆ ಹೊರುವ ಒಬ್ಬರು ರಿಪೋರ್ಟ್ ನೋಡಿ, "ಮೂರು ಪ್ಲಸ್ ಅಂದ್ರೆ ಒಳ್ಳೆ ಮಾರ್ಕ್ಸೇ ಅಲ್ವಾ ಮೇಡಂ" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಸ್ಲೈಡಿನಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5000ದಿಂದ 10000 ಕ್ರಿಮಿ ಇರಬೇಕು. ಕ್ರಿಮಿಯ ಡಿಎನ್‌ಎ ಹುಡುಕುವ ಸಿಬಿನ್ಯಾಟ್ ಮೆಷಿನ್ನಿಗೆ ನೂರು ಚಿಲ್ಲರೆ ಸಾಕು. ಅದು ಕೊಡುವ ಸಿಟಿ ವ್ಯಾಲ್ಯೂ (ಡಿಎನ್‌ಎ ಕಾಣುವವರೆಗೆ ಅದನ್ನು ಎಷ್ಟು ಸಲ ಇಮ್ಮಡಿಸಬೇಕಾಯಿತು ಅನ್ನುವ ಅಂಕಿ) ಉಲ್ಟಾ ಲೆಕ್ಕ, ಹೊಸಬರೆಲ್ಲ ಇಲ್ಲೇ ಎಡವುತ್ತಾರೆ. 16ಕ್ಕಿಂತ ಕಡಿಮೆ ಬಂದರೆ ಕ್ರಿಮಿ ತುಂಬಾ ಜಾಸ್ತಿ, 28 ದಾಟಿದರೆ ತೀರಾ ಕಡಿಮೆ. ಸುಮಾರು ಮೂರು ಅಂಕಿ ಇಳಿದರೆ ಕ್ರಿಮಿ ಹತ್ತು ಪಟ್ಟು ಏರಿದ ಹಾಗೆ.

ರಕ್ತದ ಕಡೆ ನನಗೆ ಇಷ್ಟವಾದದ್ದು ದುಡ್ಡೇ ಬೇಡದ ಒಂದು ಲೆಕ್ಕ. ಸಿಬಿಸಿ ಅನ್ನುವ ರಕ್ತಕಣಗಳ ಲೆಕ್ಕದಲ್ಲಿ, ಬಿಳಿ ಕಣಗಳ ಪೈಕಿ ನೂರಕ್ಕೆ ನ್ಯೂಟ್ರೋಫಿಲ್ 78, ಲಿಂಫೋಸೈಟ್ 12 ಅಂತ ಬಂದಿದೆ ಅಂದುಕೊಳ್ಳಿ. ಭಾಗಿಸಿದರೆ ಆರೂವರೆ. ಆರೋಗ್ಯವಾಗಿ ಇರುವವರಲ್ಲಿ ಇದು ಸಾಮಾನ್ಯವಾಗಿ 1ರಿಂದ 3ರೊಳಗೆ ಇರುತ್ತದೆ. ಮಾನೋಸೈಟ್ ಅನ್ನುವ ಇನ್ನೊಂದು ಬಿಳಿ ಕಣವನ್ನೂ ಹೀಗೇ ಲಿಂಫೋಸೈಟಿನಿಂದ ಭಾಗಿಸಿ ಬರೆದೆ.

ಕೆಲವು ತಿಂಗಳಿಗೇ ಒಂದು ದಾರಿ ಕಂಡಿತು. 2+, 3+ ಬಂದವರಲ್ಲಿ ಸಾಮಾನ್ಯವಾಗಿ ಸಿಆರ್‌ಪಿ ಏರಿರುತ್ತಿತ್ತು, ಪ್ಲೇಟ್‌ಲೆಟ್ ಜಾಸ್ತಿ, ಹಿಮೋಗ್ಲೋಬಿನ್ ಕಡಿಮೆ, ಆ ಭಾಗಾಕಾರವೂ ಮೇಲೆ. ಕಾರಣ ಇದೆ. ಕ್ರಿಮಿ ಜೊತೆ ಜಗಳ ಜೋರಾದಾಗ ದೇಹ ಐಎಲ್-6 ಅನ್ನುವ ಸಂದೇಶ ಕಳಿಸುತ್ತದೆ, ಅದು ಸಿಕ್ಕ ಲಿವರ್ ಸಿಆರ್‌ಪಿ ತಯಾರಿಸುತ್ತದೆ, ಪ್ಲೇಟ್‌ಲೆಟ್ ಏರುವುದಕ್ಕೂ ಅದರದೇ ಕೈವಾಡ, ಕಬ್ಬಿಣದ ಅಂಶವನ್ನು ದೇಹ ಒಳಗೇ ಬಚ್ಚಿಟ್ಟುಕೊಳ್ಳುವುದರಿಂದ ಹಿಮೋಗ್ಲೋಬಿನ್ನೂ ಇಳಿಯುತ್ತದೆ. ಸರಿ, ಉತ್ತರ ಸಿಕ್ಕಿತು ಅಂತ ಖುಷಿಪಟ್ಟೆ.

ಆ ಖುಷಿ ಕೆಡಿಸಿದವರು ಕೆಜಿಎಫ್ ಕಡೆಯ ಒಬ್ಬರು ತಾತ. ಗಣಿಯಲ್ಲಿ ದುಡಿದವರು. 2001ರಲ್ಲಿ ಗಣಿ ಮುಚ್ಚಿತು, ಆದರೆ ಕುಡಿದ ಕಲ್ಲಿನ ದೂಳು ಎದೆಯಿಂದ ಎಲ್ಲಿಗೂ ಹೋಗಲಿಲ್ಲ. ಅಂಥ ಎದೆಗೆ ಟಿಬಿ ಬೇಗ ಹತ್ತುತ್ತದೆ. ಸ್ಲೈಡ್ 2+. ಸಿಆರ್‌ಪಿ ಮಾತ್ರ ಹೆಚ್ಚು ಕಡಿಮೆ ನಾರ್ಮಲ್! ಟ್ಯೂಬ್ ಅದಲುಬದಲಾಗಿದೆ ಅಂತ ಮತ್ತೆ ರಕ್ತ ತೆಗೆದೆ. ಅದೇ ಬಂತು. ವಿಚಿತ್ರ ಅಂದ್ರೆ ನ್ಯೂಟ್ರೋಫಿಲ್ ಮಾತ್ರ ಮೇಲೇರಿ ಕೂತಿತ್ತು, ಲಿಂಫೋಸೈಟ್ ನೆಲ ಕಚ್ಚಿತ್ತು. ಎರಡು ಗುರುತು ಎರಡು ದಿಕ್ಕಿಗೆ ಕೈ ತೋರಿಸಿದರೆ ಏನು ಅರ್ಥ? ಎರಡು ದಿನ ತಲೆ ಕೆರೆದುಕೊಂಡೆ. ಕೊನೆಗೆ ನಾನೇ ಕೇಳಿದೆ, "ತಾತ, ಬೇರೆ ಏನಾದರೂ ಮಾತ್ರೆ ತಗೋತೀರಾ?" ಅವರು ಜೇಬಿನಿಂದ ಒಂದು ಪೊಟ್ಟಣ ತೆಗೆದರು. "ದಮ್ಮು ಜಾಸ್ತಿ ಆದ್ರೆ ಇದು ಹಾಕ್ಕೋತೀನಮ್ಮಾ, ಹೂವಿನ ಥರ ಹಗುರ ಆಗುತ್ತೆ." ಯಾರೋ ಅಂಗಡಿಯಲ್ಲಿ ಕೊಟ್ಟಿದ್ದು. ಡಾಕ್ಟರ್ ನೋಡಿ ಸ್ಟಿರಾಯ್ಡ್ ಅಂದರು. ಸ್ಟಿರಾಯ್ಡ್ ಉರಿಯೂತ ತಗ್ಗಿಸುತ್ತದೆ, ಸಿಆರ್‌ಪಿ ಇಳಿಯುತ್ತದೆ. ಜೊತೆಗೆ ರಕ್ತದಲ್ಲಿ ನ್ಯೂಟ್ರೋಫಿಲ್ ಏರಿಸಿ ಲಿಂಫೋಸೈಟ್ ಇಳಿಸುತ್ತದೆ. ಕ್ರಿಮಿ ಇದ್ದ ಹಾಗೇ ಇತ್ತು, ರಕ್ತ ಮಾತ್ರ ಸುಳ್ಳು ಹೇಳುತ್ತಿತ್ತು. ಆ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸುವುದೂ ಅಪಾಯ, ಡಾಕ್ಟರೇ ನಿಧಾನವಾಗಿ ಬಿಡಿಸಿದರು.

ಇದರ ಉಲ್ಟಾ ಎಚ್‌ಐವಿ ಇದ್ದವರದು. ಸ್ಲೈಡಿನಲ್ಲಿ ಏನೂ ಇಲ್ಲ, ಸಿಬಿನ್ಯಾಟಿನಲ್ಲಿ 'ತೀರಾ ಕಡಿಮೆ', ಸಿಆರ್‌ಪಿ ಮಾತ್ರ ಆಕಾಶದಲ್ಲಿ. ರೋಗನಿರೋಧಕ ಶಕ್ತಿ ಕುಗ್ಗಿದಾಗ ಶ್ವಾಸಕೋಶದಲ್ಲಿ ದೊಡ್ಡ ಪೊಳ್ಳು ಗೂಡು ಆಗುವುದು ಕಡಿಮೆ, ಹಾಗಾಗಿ ಕಫಕ್ಕೆ ಕ್ರಿಮಿ ಅಷ್ಟು ಬರುವುದಿಲ್ಲ. ರೋಗ ಮೈಯೆಲ್ಲ ಹರಡಿರಬಹುದು. ಇವರಲ್ಲಿ ಟಿಬಿ ಶಂಕೆ ಹಿಡಿಯಲು ಸಿಆರ್‌ಪಿ ಲೀಟರಿಗೆ 5 ಮಿಲಿಗ್ರಾಂ ದಾಟಿದೆಯಾ ನೋಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2021ರಲ್ಲಿ ಹೇಳಿದೆ. ಶಂಕೆಗೆ ಮಾತ್ರ ನೋಡಿ. ಸಾದಾ ನ್ಯುಮೋನಿಯಾದಲ್ಲೂ ಸಿಆರ್‌ಪಿ ಏರುತ್ತದೆ, ಅದಕ್ಕೆ ಟಿಬಿಯ ಹೆಸರೇ ಗೊತ್ತಿಲ್ಲ.

ನನ್ನ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಮೊದಲ ಬೇಸಿಗೆಯ ಇಎಸ್‌ಆರ್ ಪುಟಗಳನ್ನೆಲ್ಲ ಅಡ್ಡಗೆರೆ ಹೊಡೆದು ಬಿಟ್ಟೆ. ಸ್ಟ್ಯಾಂಡ್ ಬಿಸಿಲು ಬೀಳುವ ಕಿಟಕಿ ಪಕ್ಕ ಇತ್ತು, ಒಂದು ಕಾಲು ಗಿಡ್ಡ ಬೇರೆ. ಶಾಖಕ್ಕೂ ಇಎಸ್‌ಆರ್ ಏರುತ್ತದೆ, ಟ್ಯೂಬ್ ಸ್ವಲ್ಪ ವಾಲಿದರೂ ಏರುತ್ತದೆ. ರಕ್ತಹೀನತೆ ಇದ್ದರಂತೂ ಸುಮ್ನೆ ಏರುತ್ತದೆ. ಇದು ಸಾಲದು ಅಂತ ಎಡಪುಟದಲ್ಲೂ ಒಂದು ದೊಡ್ಡ ತೂತು. ಕೆಲವರು ಡಬ್ಬಿಯಲ್ಲಿ ತಂದದ್ದು ಬರೀ ಉಗುಳು. ಉಗುಳಿನಲ್ಲಿ ಕ್ರಿಮಿ ಇಲ್ಲ ಅಂತ ಬರೆದುಕೊಂಡು, 'ಕ್ರಿಮಿ ಕಡಿಮೆ, ಸಿಆರ್‌ಪಿ ಜಾಸ್ತಿ' ಅಂತ ಆಶ್ಚರ್ಯಪಟ್ಟರೆ ಏನು ಉಪಯೋಗ? ಅಲ್ಲಿಂದ ಮುಂದೆ 'ಕಫ ಹೇಗಿತ್ತು' ಅಂತ ಇನ್ನೊಂದು ಕಾಲಂ ಹಾಕಿದೆ. ಬೆಳಿಗ್ಗೆ ಎದ್ದ ತಕ್ಷಣ, ಬಾಯಿ ಮುಕ್ಕಳಿಸಿ, ಉಸಿರು ಒಳಗೆ ಎಳೆದು ಆಳದಿಂದ ಕೆಮ್ಮಿ ಅಂತ ನಾನೇ ಮಾಡಿ ತೋರಿಸುತ್ತೇನೆ. ಕೆಜಿಎಫ್ ಕಡೆಯ ತಮಿಳಿನವರಿಗೆ 'ಸಳಿ' ಅಂದರೆ ಬೇಗ ಅರ್ಥವಾಗುತ್ತದೆ, ತೆಲುಗಿನವರಿಗೆ 'ಗಳ್ಳ' ಅನ್ನಬೇಕು. ರಕ್ತದ ಎಲ್ಲ ಅಂಕಿಗಿಂತ ಈ ಒಂದು ಕಾಲಂ ನನಗೆ ಜಾಸ್ತಿ ಕೆಲಸಕ್ಕೆ ಬಂತು.

ಔಷಧಿ ಶುರುವಾಗಿ ಎರಡು ತಿಂಗಳಿಗೆ ಮತ್ತೆ ಕಫ ನೋಡುತ್ತೇವೆ. ಸಿಬಿನ್ಯಾಟ್ ಆಗ ಹಾಕಬಾರದು, ಸತ್ತ ಕ್ರಿಮಿಯ ಡಿಎನ್‌ಎಯನ್ನೂ ಅದು ಎಣಿಸುತ್ತದೆ. ಸಿಆರ್‌ಪಿ ಬೇಗ ಇಳಿಯುತ್ತದೆ, ಇಎಸ್‌ಆರ್ ತಿಂಗಳುಗಟ್ಟಲೆ ಎಳೆದಾಡುತ್ತದೆ. ಆ ಟೊಮೆಟೊ ಮಂಡಿಯವರಿಗೆ ಸಕ್ಕರೆ ಕಾಯಿಲೆಯೂ ಇತ್ತು, ಎರಡು ತಿಂಗಳಾದರೂ ಅವರ ಸ್ಲೈಡ್ 1+. ಡಾಕ್ಟರ್ ಕಫವನ್ನು ಕಲ್ಚರಿಗೆ, ಅಂದರೆ ಕ್ರಿಮಿ ಬೆಳೆಯುತ್ತದಾ ನೋಡುವ ಪರೀಕ್ಷೆಗೆ ಕಳಿಸಿದರು, ಸಕ್ಕರೆ ಹತೋಟಿಗೆ ತರಲು ಇನ್ಸುಲಿನ್ ಶುರು ಮಾಡಿದರು. ತಾತನ ಸ್ಲೈಡ್ ನೆಗೆಟಿವ್ ಬಂತು. ಇಎಸ್‌ಆರ್ ಇನ್ನೂ 70ರ ಮೇಲೇ ಇತ್ತು. ಕಾಗದ ಕೈಗೆ ಕೊಟ್ಟಾಗ ಅದನ್ನು ಮಡಚಿ ಜೇಬಿಗಿಟ್ಟುಕೊಂಡು, "ಅದೆಲ್ಲ ಇರಲಿ ಕಣಮ್ಮಾ, ನಾಲ್ಕು ಕಿಲೋ ಏರಿದೀನಿ, ಬರೆದ್ಯಾ?" ಅಂದರು. ತೂಕಕ್ಕೆ ನನ್ನ ಪುಸ್ತಕದಲ್ಲಿ ಕಾಲಮೇ ಇರಲಿಲ್ಲ. ಅವತ್ತು ಸ್ಕೇಲ್ ತಗೊಂಡು ಎಳೆದೆ.