ಹಳೆಯ ಸಿಟ್‌ಕಾಮ್ ಬಾಕ್ಸ್ ಸೆಟ್: ದುಡ್ಡು ಕೊಡುವ ಮುನ್ನ ಏನೇನು ನೋಡಬೇಕು?

ಹಳೆಯ ಸಿಟ್‌ಕಾಮ್‌ನ, ಅಂದರೆ ಟಿವಿ ಹಾಸ್ಯ ಧಾರಾವಾಹಿಯ, ಕಂತುಗಳನ್ನೆಲ್ಲ ಡಿಸ್ಕುಗಳಲ್ಲಿ ಸೇರಿಸಿದ ಬಾಕ್ಸ್ ಸೆಟ್ ಮಾರುವವರಿಗೆ ಪೆಟ್ಟಿಗೆಯೇ ಬಂಡವಾಳ. ‘ದ ಗೋಲ್ಡನ್ ಗರ್ಲ್ಸ್’ನ ಪೂರ್ತಿ ಸೆಟ್ 2010ರಲ್ಲಿ ಅದರ ಪಾತ್ರ ಸೋಫಿಯಾಳ ಕೈಚೀಲದ ಆಕಾರದಲ್ಲಿ ಬಂತು. ‘ದ ವಂಡರ್ ಇಯರ್ಸ್’ 2014ರಲ್ಲಿ ಶಾಲೆಯ ಲಾಕರಿನಂಥ ಲೋಹದ ಪೆಟ್ಟಿಗೆಯೊಳಗೆ ಬಂತು. ಕಪಾಟಿನಲ್ಲಿಟ್ಟರೆ ನೋಡಲು ಚೆಂದ, ಅನುಮಾನವೇ ಇಲ್ಲ. ಆದರೆ ಒಳಗಿನ ಡಿಸ್ಕಿನಲ್ಲಿರುವುದು ಅಂದು ಪ್ರಸಾರವಾದ ಕಂತೇ, ಅಥವಾ ನಡುವೆ ಕತ್ತರಿ ಬಿದ್ದ, ಹಾಡು ಬದಲಾದ, ಅಂಚು ಹಾರಿಹೋದ ರೂಪವೇ ಎಂಬುದನ್ನು ಪೆಟ್ಟಿಗೆ ಹೇಳುವುದಿಲ್ಲ. ಸೆಟ್ ಕೊಳ್ಳಲು ಯೋಗ್ಯವೇ ಎಂಬುದು ತೀರ್ಮಾನವಾಗುವುದು ಅಲ್ಲಿಯೇ. ಅದನ್ನು ಪತ್ತೆ ಹಚ್ಚುವ ಕ್ರಮ ಇಲ್ಲಿದೆ.

1. ಫಿಲ್ಮೋ, ಟೇಪೋ?

ಮೊದಲು ತಿಳಿಯಬೇಕಾದದ್ದು ಧಾರಾವಾಹಿಯನ್ನು ಯಾವುದರ ಮೇಲೆ ಚಿತ್ರೀಕರಿಸಿದರು ಎಂಬುದು. ಡಿವಿಡಿಗಿಂತ ಹೆಚ್ಚು ವಿವರ ಹಿಡಿಯುವ ಬ್ಲೂ-ರೇ ಡಿಸ್ಕಿಗೆ ಹೆಚ್ಚು ಹಣ ಕೊಡಬೇಕೋ, ಡಿವಿಡಿಯೇ ಸಾಕೋ ಎನ್ನುವುದು ಇದರಿಂದಲೇ ಗೊತ್ತಾಗುತ್ತದೆ.

‘ಐ ಲವ್ ಲೂಸಿ’ 1951ರಲ್ಲಿಯೇ ಮೂರು ಕ್ಯಾಮೆರಾ ಇಟ್ಟು 35 ಎಂಎಂ ಫಿಲ್ಮಿನಲ್ಲಿ ತೆಗೆದದ್ದು. 1961ರಿಂದ 66ರವರೆಗೆ ಬಂದ ‘ದ ಡಿಕ್ ವಾನ್ ಡೈಕ್ ಶೋ’ ಕೂಡ ಫಿಲ್ಮೇ. ಇಂಥವುಗಳ ನೆಗೆಟಿವ್‌ನಲ್ಲಿ ಅಂದಿನ ಟಿವಿ ತೋರಿಸಲಾಗದಷ್ಟು ವಿವರ ಅಡಗಿರುತ್ತದೆ. ಅದನ್ನು ಹೊಸದಾಗಿ ಸ್ಕ್ಯಾನ್ ಮಾಡಿದ ಬ್ಲೂ-ರೇಯಲ್ಲಿ ಬಟ್ಟೆಯ ನೇಯ್ಗೆಯೂ ಕಾಣುತ್ತದೆ. ಇಲ್ಲಿ ಹೆಚ್ಚಿನ ಬೆಲೆಗೆ ಅರ್ಥವಿದೆ.

1970ರ ದಶಕಕ್ಕೆ ಬಂದರೆ ಲೆಕ್ಕ ತಲೆಕೆಳಗು. ‘ಆಲ್ ಇನ್ ದ ಫ್ಯಾಮಿಲಿ’ ವಿಡಿಯೊ ಟೇಪಿನಲ್ಲಿ ಚಿತ್ರಿತವಾದದ್ದು; ‘ಗೋಲ್ಡನ್ ಗರ್ಲ್ಸ್’ ಕೂಡ ಹಾಗೆಯೇ. ಅಮೆರಿಕದ ಆ ಟೇಪಿನಲ್ಲಿ ಕಾಣುವ ಚಿತ್ರ ಸುಮಾರು 480 ಸಾಲಿನದು, ಡಿವಿಡಿ ಹಿಡಿಯುವುದೂ ಅಷ್ಟೇ. ಇಲ್ಲದ ವಿವರವನ್ನು ಯಾವ ಬ್ಲೂ-ರೇಯೂ ಹುಟ್ಟಿಸಲಾರದು. ಟೇಪಿನ ಧಾರಾವಾಹಿ ಬ್ಲೂ-ರೇಯಲ್ಲಿ ಬಂದರೆ ಆಗುವ ಲಾಭ ಎರಡು: ಡಿಸ್ಕಿನ ಸಂಖ್ಯೆ ಇಳಿಯುತ್ತದೆ, ಚಿತ್ರವನ್ನು ಡಿಸ್ಕಿಗೆ ಕುಗ್ಗಿಸಿ ತುಂಬುವಾಗ ಬರುವ ಕಲೆಗಳು ಕಡಿಮೆಯಾಗುತ್ತವೆ. ಅದಕ್ಕೆ ದುಪ್ಪಟ್ಟು ಬೆಲೆ ಕೊಡಬೇಕಿಲ್ಲ.

ಮೂರನೆಯದು ಬೆರಕೆಯ ಜಾತಿ. ‘ಚಿಯರ್ಸ್’, ‘ಫ್ರೇಸಿಯರ್’, ‘ಸೈನ್‌ಫೆಲ್ಡ್’, ‘ಫ್ರೆಂಡ್ಸ್’ ಇವೆಲ್ಲ ಫಿಲ್ಮಿನಲ್ಲಿ ಚಿತ್ರಿತವಾದರೂ ಪ್ರಸಾರಕ್ಕೆ ಹೋದದ್ದು ಟೇಪಿನ ಪ್ರತಿಯಿಂದ. ಹಳೆಯ ಡಿವಿಡಿಗಳ ಮಬ್ಬು ಬಣ್ಣಕ್ಕೆ ಕಾರಣ ಅದೇ. ಎಚ್‌ಡಿ ಬೇಕೆಂದರೆ ನೆಗೆಟಿವ್ ಹುಡುಕಿ, ಸ್ಕ್ಯಾನ್ ಮಾಡಿ, ಪ್ರತಿ ಕಂತನ್ನೂ ಮೊದಲಿನಂತೆಯೇ ಮತ್ತೆ ಜೋಡಿಸಬೇಕು. ದುಬಾರಿ ಕೆಲಸವಾದ್ದರಿಂದಲೇ ‘ಫ್ರೇಸಿಯರ್’ ಪೂರ್ತಿ ಬ್ಲೂ-ರೇ 2022ರವರೆಗೆ, ‘ಚಿಯರ್ಸ್’ 2023ರವರೆಗೆ ಕಾಯಿಸಿದವು.

ಬಿಬಿಸಿಯ ‘ಫಾಲ್ಟಿ ಟವರ್ಸ್’ನಂಥವುಗಳಲ್ಲಿ ಸ್ಟುಡಿಯೊ ದೃಶ್ಯ ಟೇಪಿನಲ್ಲಿ, ಹೊರಾಂಗಣ 16 ಎಂಎಂ ಫಿಲ್ಮಿನಲ್ಲಿ. ಪಾತ್ರ ಬಾಗಿಲು ದಾಟಿ ಹೊರಗೆ ಬಂದೊಡನೆ ಚಿತ್ರದ ಗುಣವೇ ಬದಲಾಗುತ್ತದೆ. ಡಿಸ್ಕ್ ಕೆಟ್ಟಿದೆಯೆಂದು ಹಿಂದಿರುಗಿಸಬೇಡಿ, ಅದು ಹುಟ್ಟಿದ್ದೇ ಹಾಗೆ.

2. ನಿಮಿಷ ಎಣಿಸಿ

ಅಮೆರಿಕದ ಅರ್ಧ ಗಂಟೆಯ ಸಿಟ್‌ಕಾಮ್ ಜಾಹೀರಾತು ಕಳೆದು 1950–60ರ ದಶಕಗಳಲ್ಲಿ ಸುಮಾರು 25–26 ನಿಮಿಷ, 80ರ ದಶಕದಲ್ಲಿ 24ರ ಆಸುಪಾಸು, 90ರ ದಶಕದಲ್ಲಿ 22–23 ನಿಮಿಷ ಇರುತ್ತಿತ್ತು. ಜಾಹೀರಾತು ಬೆಳೆದಂತೆ ಕಥೆ ಕುಗ್ಗಿತು. ಹಳೆಯ ಕಂತುಗಳನ್ನು ಸ್ಥಳೀಯ ಚಾನೆಲ್‌ಗಳಿಗೆ ಮರುಪ್ರಸಾರಕ್ಕೆ ಮಾರುವಾಗ ಇನ್ನಷ್ಟು ಜಾಹೀರಾತಿಗೆ ಜಾಗ ಬೇಕಾಗಿ ಪ್ರತಿ ಕಂತಿನಿಂದ ಎರಡು ಮೂರು ನಿಮಿಷ ಕತ್ತರಿಸುತ್ತಿದ್ದರು. ಕೆಲವು ಕಂಪನಿಗಳು ಡಿವಿಡಿ ಮಾಡುವಾಗ ಕೈಗೆ ಸುಲಭವಾಗಿ ಸಿಕ್ಕ ಆ ಕತ್ತರಿಸಿದ ಪ್ರತಿಯನ್ನೇ ಬಳಸಿದವು. 2005ರಲ್ಲಿ ಬಂದ ‘ರೋಸಾನ್’ ಮೊದಲ ಸೀಸನ್ನಿನ ಡಿವಿಡಿ ಇದಕ್ಕೆ ಉದಾಹರಣೆ.

ಪತ್ತೆ ಮಾಡುವುದು ಸುಲಭ. ಪೆಟ್ಟಿಗೆಯ ಹಿಂಬದಿಯಲ್ಲಿ ಒಟ್ಟು ಅವಧಿ ಅಚ್ಚಾಗಿರುತ್ತದೆ. ಅದನ್ನು ಕಂತುಗಳ ಸಂಖ್ಯೆಯಿಂದ ಭಾಗಿಸಿ. 80ರ ದಶಕದ ಧಾರಾವಾಹಿ, 24 ಕಂತು, ಒಟ್ಟು 520 ನಿಮಿಷ ಎಂದಿದ್ದರೆ ಕಂತಿಗೆ 22 ನಿಮಿಷಕ್ಕಿಂತ ಕಡಿಮೆ ಬಂತು. ಕತ್ತರಿ ಆಡಿದೆ ಎಂದೇ ತಿಳಿಯಿರಿ. ಅವಧಿಯಲ್ಲಿ ಹೆಚ್ಚುವರಿ ಸಂದರ್ಶನ ಇತ್ಯಾದಿ ಸೇರಿದ್ದರೆ ಅದನ್ನು ಮೊದಲು ಕಳೆಯಬೇಕು.

ಒಂದು ಎಚ್ಚರಿಕೆ. ಯುರೋಪಿನ ‘ಪಾಲ್’ ಎಂಬ ಟಿವಿ ಪದ್ಧತಿಯ ಡಿವಿಡಿಯಲ್ಲಿ ಸೆಕೆಂಡಿಗೆ 24 ಚೌಕಟ್ಟಿನ ಫಿಲ್ಮನ್ನು 25 ಚೌಕಟ್ಟಿನ ವೇಗದಲ್ಲಿ ಓಡಿಸುತ್ತಾರೆ. ಹಾಗಾಗಿ 25 ನಿಮಿಷದ ಕಂತು 24 ನಿಮಿಷಕ್ಕೆ ಮುಗಿಯುತ್ತದೆ. ಇದು ಕತ್ತರಿಯಲ್ಲ, ಓಟ. ದನಿಯೂ ಸ್ವಲ್ಪ ಮೇಲೇರಿರುತ್ತದೆ. ಸಂಗೀತದ ಕಿವಿ ಇರುವವರಿಗೆ ಅದು ಕಿರಿಕಿರಿಯೇ.

3. ಹಾಡು ಅದೇನಾ?

ಬಾಕ್ಸ್ ಸೆಟ್ ಕೊಳ್ಳುವವರು ಹೆಚ್ಚು ಮೋಸಹೋಗುವುದು ಇಲ್ಲಿ. 70–80ರ ದಶಕಗಳಲ್ಲಿ ಹಾಡುಗಳ ಹಕ್ಕನ್ನು ಪ್ರಸಾರಕ್ಕೆಂದಷ್ಟೇ ಪಡೆಯುತ್ತಿದ್ದರು. ಮನೆಗೆ ಕೊಂಡೊಯ್ಯುವ ಡಿಸ್ಕ್ ಎಂಬುದು ಕರಾರಿನಲ್ಲಿ ಇರಲೇ ಇಲ್ಲ. ಡಿವಿಡಿ ಕಾಲ ಬಂದಾಗ ಪ್ರತಿ ಹಾಡಿಗೂ ಹೊಸದಾಗಿ ಹಣ ತೆರಬೇಕಾಯಿತು. ತೆರಲಾರದ ಕಡೆ ಹೆಸರಿಲ್ಲದ ಸಂಗೀತ ತುಂಬಿದರು.

‘ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ’ (1978–82) ನಡೆಯುವುದೇ ರೇಡಿಯೊ ಕೇಂದ್ರದಲ್ಲಿ. ಅಂದಿನ ಜನಪ್ರಿಯ ಹಾಡುಗಳು ಅದರ ಹಾಸ್ಯದ ಭಾಗ. 2007ರ ಮೊದಲ ಸೀಸನ್ ಡಿವಿಡಿಯಲ್ಲಿ ಅವುಗಳಲ್ಲಿ ಬಹುಪಾಲು ಮಾಯವಾಗಿದ್ದವು. 2014ರಲ್ಲಿ ಶೌಟ್ ಫ್ಯಾಕ್ಟರಿ ಹೊರತಂದ ಪೂರ್ತಿ ಸೆಟ್ಟಿನಲ್ಲಿ ಹೆಚ್ಚಿನವು ಮರಳಿದವು. ಎರಡೂ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅಕ್ಕಪಕ್ಕವೇ ಸಿಗುತ್ತವೆ. ಅಗ್ಗದ್ದೆಂದು 2007ರದ್ದನ್ನು ಎತ್ತಿಕೊಂಡರೆ ಧಾರಾವಾಹಿಯ ಅರ್ಧ ರುಚಿ ಹೋಯಿತು. ‘ಮ್ಯಾರೀಡ್ ವಿತ್ ಚಿಲ್ಡ್ರನ್’ನ ಮೂರನೇ ಸೀಸನ್ ಡಿವಿಡಿಯಿಂದ ಶೀರ್ಷಿಕೆ ಗೀತೆಯೇ ಬದಲಾಯಿತು. ‘ದ ವಂಡರ್ ಇಯರ್ಸ್’ 1993ರಲ್ಲಿ ಮುಗಿದರೂ ಅದರ 115 ಕಂತುಗಳ ಸೆಟ್ 2014ರವರೆಗೆ ಬರದಿರಲು ಮುಖ್ಯ ಕಾರಣ ಹಾಡಿನ ಹಕ್ಕೇ.

ಹಿಂಬದಿಯ ಸಣ್ಣಕ್ಷರ ಓದಿ. ಕಂತುಗಳು ಮೂಲ ಪ್ರಸಾರದಿಂದ ಪರಿಷ್ಕೃತವಾಗಿರಬಹುದು, ಸಂಗೀತ ಬದಲಾಗಿದೆ ಎಂಬರ್ಥದ ಸಾಲು ಅಲ್ಲಿ ಇದ್ದರೆ, ಆ ನಿರ್ದಿಷ್ಟ ವರ್ಷದ ಆವೃತ್ತಿಯ ವಿಮರ್ಶೆ ಹುಡುಕದೆ ಮುಂದುವರಿಯಬೇಡಿ. ಹೆಸರು ಒಂದೇ ಇದ್ದರೂ ಆವೃತ್ತಿ ಬೇರೆಯಾದರೆ ವಸ್ತುವೇ ಬೇರೆ.

4. ಪರದೆಯ ಅಳತೆ

ಹಳೆಯ ಟಿವಿಯ ಚಿತ್ರ 4:3. ಇಂದಿನ ಪರದೆ 16:9. ಪಕ್ಕದ ಕಪ್ಪು ಪಟ್ಟಿ ಬೇಡವೆಂದು ಚಿತ್ರವನ್ನು ಹಿಗ್ಗಿಸಿ ಮೇಲೂ ಕೆಳಗೂ ಕತ್ತರಿಸುವ ಚಾಳಿ ಇದೆ. 2021ರಲ್ಲಿ ‘ಸೈನ್‌ಫೆಲ್ಡ್’ ನೆಟ್‌ಫ್ಲಿಕ್ಸಿಗೆ ಬಂದಾಗ ರಸ್ತೆಗುಂಡಿಯ ಬಗೆಗಿನ ಕಂತಿನಲ್ಲಿ ಗುಂಡಿಯೇ ಚೌಕಟ್ಟಿನಿಂದ ಹೊರಗೆ ಹೋಗಿತ್ತು! ಪೆಟ್ಟಿಗೆಯ ಮೇಲೆ 1.33:1 ಅಥವಾ 4:3 ಎಂದಿದ್ದರೆ ಮೂಲ ಚೌಕಟ್ಟು, 1.78:1 ಎಂದಿದ್ದರೆ ಅಗಲಿಸಿದ್ದು.

‘ಫ್ರೆಂಡ್ಸ್’ ವಿಷಯ ಸ್ವಲ್ಪ ಸಿಕ್ಕು. ಹಳೆಯ ಡಿವಿಡಿಗಳಲ್ಲಿ ಪ್ರಸಾರದಲ್ಲಿ ಇಲ್ಲದ ಹೆಚ್ಚಿನ ದೃಶ್ಯಗಳು ಸೇರಿವೆ, ಚೌಕಟ್ಟು 4:3. 2012ರ ಬ್ಲೂ-ರೇಯಲ್ಲಿ ಚಿತ್ರ ಬಹಳ ಸ್ಪಷ್ಟ, ಆದರೆ 16:9, ಮತ್ತು ಇರುವುದು ಪ್ರಸಾರದ ಅವಧಿಯ ಕಂತು ಮಾತ್ರ. ಯಾವುದು ಮೇಲು ಎಂದು ಕೇಳಿದರೆ, ನಗುವಿಗಾಗಿ ನೋಡುವವರಿಗೆ ಡಿವಿಡಿ.

5. ‘ಕಂಪ್ಲೀಟ್’ ಎಂದರೆ ಎಷ್ಟು?

ಮೂಲ ಕಂತುಗಳ ಸಂಖ್ಯೆ ತಿಳಿದುಕೊಂಡು ಹೋಗಿ. ‘ಐ ಲವ್ ಲೂಸಿ’ 180 ಕಂತು. ಅನಂತರ 1957–60ರಲ್ಲಿ ಅದೇ ಪಾತ್ರಗಳ 13 ಒಂದು ಗಂಟೆಯ ಕಂತುಗಳು ಬಂದವು. ಅವು ಸೇರಿವೆಯೋ ಇಲ್ಲವೋ ನೋಡಬೇಕು. ಬ್ರಿಟನ್ನಿನ ‘ಡ್ಯಾಡ್ಸ್ ಆರ್ಮಿ’ಯ 80 ಕಂತುಗಳಲ್ಲಿ ಎರಡನೇ ಸರಣಿಯ 3 ಕಂತುಗಳ ಚಿತ್ರ ಈಗ ಎಲ್ಲಿಯೂ ಉಳಿದಿಲ್ಲ, ಅವು ಇಲ್ಲವೆಂದು ಮಾರಾಟಗಾರನ ಜತೆ ಜಗಳ ಬೇಡ. ‘ದ ಬೆವರ್ಲಿ ಹಿಲ್‌ಬಿಲೀಸ್’ನಂಥವುಗಳ ಹಕ್ಕುಸ್ವಾಮ್ಯ ತೀರಿದ ಕೆಲವೇ ಕಂತುಗಳನ್ನು ತುಂಬಿದ ಅಗ್ಗದ ಪೊಟ್ಟಣಗಳೂ ಉಂಟು. ಸವೆದ ಪ್ರತಿ, ಬೇರೆ ಶೀರ್ಷಿಕೆ ಸಂಗೀತ. ಕೈಬಿಡಿ.

6. ನಿಮ್ಮ ಪ್ಲೇಯರಿನಲ್ಲಿ ಓಡುತ್ತದೆಯೇ?

ಡಿವಿಡಿಗೆ ವಲಯ ಸಂಖ್ಯೆ ಇದೆ, ಪ್ಲೇಯರಿನ ವಲಯಕ್ಕೆ ಹೊಂದದ ಡಿಸ್ಕ್ ಓಡುವುದಿಲ್ಲ: ಅಮೆರಿಕ, ಕೆನಡಾ 1, ಪಶ್ಚಿಮ ಯುರೋಪು, ಜಪಾನ್ 2, ಆಸ್ಟ್ರೇಲಿಯಾ, ಲ್ಯಾಟಿನ್ ಅಮೆರಿಕ 4, ಭಾರತ, ರಷ್ಯಾ ಮತ್ತು ಆಫ್ರಿಕಾದ ಬಹುಭಾಗ 5. ಬ್ಲೂ-ರೇಗೆ ಎ, ಬಿ, ಸಿ. 4ಕೆ ಡಿಸ್ಕಿಗೆ ವಲಯವಿಲ್ಲ, ಆದರೆ ಅದರ ಜತೆಗೆ ಕೊಡುವ ಸಾಮಾನ್ಯ ಬ್ಲೂ-ರೇಗೆ ಇರಬಹುದು. ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ವಲಯವನ್ನು ಐದು ಸಲ ಮಾತ್ರ ಬದಲಿಸಬಹುದು, ಆಮೇಲೆ ಅದು ಅಲ್ಲಿಯೇ ನಿಲ್ಲುತ್ತದೆ. ಹೊರದೇಶದ ಸೆಟ್ ತರಿಸುವವರು ಎಲ್ಲ ವಲಯ ಓಡಿಸುವ ಪ್ಲೇಯರಿನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಬೇಕು.

7. ಒಂದು ಡಿಸ್ಕಿಗೆ ಎಷ್ಟು ಕಂತು?

ಎರಡು ಪದರದ ಡಿವಿಡಿಯಲ್ಲಿ ಹಿಡಿಯುವುದು 8.5 ಜಿಬಿ. 22 ನಿಮಿಷದ 8 ಕಂತು ಹಾಕಿದರೆ ಸೆಕೆಂಡಿಗೆ ಸರಾಸರಿ 6.4 ಮೆಗಾಬಿಟ್ ದತ್ತಾಂಶ ಸಿಗುತ್ತದೆ, ಚಿತ್ರ ಚೆನ್ನಾಗಿರುತ್ತದೆ. ಅದೇ ಡಿಸ್ಕಿಗೆ 25 ನಿಮಿಷದ 12 ಕಂತು ತುರುಕಿದರೆ ಅದು 3.8ಕ್ಕೆ ಇಳಿದು, ಪಾತ್ರ ಓಡಾಡಿದಾಗಲೆಲ್ಲ ಅಂಚುಗಳಲ್ಲಿ ಚೌಕ ಚೌಕ ಕಾಣುತ್ತದೆ. ಬಿಡಿ ಸೀಸನ್ನುಗಳಲ್ಲಿ 4 ಡಿಸ್ಕ್ ಇದ್ದದ್ದು ಪೂರ್ತಿ ಸೆಟ್ಟಿನಲ್ಲಿ 2 ಆಗಿದ್ದರೆ ಅಗ್ಗವಾದದ್ದು ಹೇಗೆಂದು ತಿಳಿಯಿತಲ್ಲ.

ಎರಡೂ ಬದಿಯಲ್ಲಿ ದತ್ತಾಂಶವಿರುವ ಡಿಸ್ಕುಗಳಿಂದ ದೂರವಿರಿ. ಬೆರಳಿಡಲು ಸುರಕ್ಷಿತ ಬದಿಯೇ ಇರುವುದಿಲ್ಲ. ಬದಿಗೆ ಎರಡರಂತೆ ನಾಲ್ಕು ಪದರದವು ತಯಾರಿಕೆಯಲ್ಲೇ ತೊಡಕಿನವು, ನಡುವೆ ತಡವರಿಸುತ್ತವೆ. 2006–08ರಲ್ಲಿ ತಯಾರಾದ ವಾರ್ನರ್ ಡಿವಿಡಿಗಳಲ್ಲಿ ಕೆಲವು ತಾವಾಗಿಯೇ ಕೆಟ್ಟುಹೋಗುತ್ತಿವೆ. ಕಂಪನಿ 2025ರಲ್ಲಿ ಇದನ್ನು ಒಪ್ಪಿಕೊಂಡಿದೆ. ಆ ವರ್ಷಗಳ ಸೀಲ್ ಒಡೆಯದ ಸೆಟ್ಟಿಗೆ ಹೆಚ್ಚಿನ ಬೆಲೆ ಕೊಡುವುದು ಕುರುಡು ವ್ಯಾಪಾರ.

8. ಮನೆಗೆ ಬಂದ ಮೇಲೆ

ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಎಲ್ಲ ಡಿಸ್ಕ್ ಪರೀಕ್ಷಿಸಿ. ಬಹಳ ಮಂದಿ ಮೊದಲ ಕಂತು ಹಾಕಿ ನೋಡಿ ಸುಮ್ಮನಾಗುತ್ತಾರೆ, ಅದು ಸಾಲದು. ಎರಡು ಪದರದ ಡಿವಿಡಿಯ ಓದು ಒಳಗಿನಿಂದ ಹೊರ ಅಂಚಿಗೆ ಹೋಗಿ, ಅಲ್ಲಿ ಎರಡನೇ ಪದರಕ್ಕೆ ದಾಟಿ, ಮತ್ತೆ ಒಳಗೆ ಬರುತ್ತದೆ. ತೊಂದರೆ ಹೆಚ್ಚಾಗಿ ಕಾಣುವುದು ಹೊರ ಅಂಚಿನಲ್ಲಿ, ಪದರ ದಾಟುವಲ್ಲಿ. 8 ಕಂತಿನ ಡಿಸ್ಕಾದರೆ ನಾಲ್ಕನೆಯದರ ಕೊನೆ, ಐದನೆಯದರ ಆರಂಭ ಹಾಕಿ ನೋಡಿ. ಅಲ್ಲಿ ನಿಲ್ಲದೆ ಓಡಿದರೆ ಬಹುತೇಕ ಕ್ಷೇಮ.

ಡಿಸ್ಕಿನ ಕೆಳಬದಿ ಬೆಳ್ಳಿಯ ಬಣ್ಣದ ಬದಲು ನೇರಳೆ ಛಾಯೆಯಲ್ಲಿದ್ದರೆ ಅದು ಕಾರ್ಖಾನೆಯಲ್ಲಿ ಅಚ್ಚೊತ್ತಿದ್ದಲ್ಲ, ಖಾಲಿ ಡಿಸ್ಕಿನ ಮೇಲೆ ಬರ್ನ್ ಮಾಡಿದ್ದು. ಬೇಡಿಕೆ ಬಂದಾಗ ಮಾಡಿಕೊಡುವ ಅಧಿಕೃತ ಡಿಸ್ಕುಗಳೂ ಹೀಗೆ ಇರುತ್ತವೆ. ವಾರ್ನರ್ ಕಂಪನಿಯ ‘ವಾರ್ನರ್ ಆರ್ಕೈವ್’ ವಿಭಾಗ 2009ರಲ್ಲಿ ಶುರುವಾದದ್ದೇ ಹಾಗೆ. ಆದರೆ ಅಚ್ಚೊತ್ತಿದ ಸೆಟ್ ಎಂದು ಮಾರಿದ್ದರಲ್ಲಿ ನೇರಳೆ ಕಂಡರೆ, ನಡುರಂಧ್ರದ ಸುತ್ತ ‘ಐಎಫ್‌ಪಿಐ’ ಎಂಬ ಸಣ್ಣ ಗುರುತು ಇಲ್ಲದಿದ್ದರೆ, ಮುಖಪುಟದ ಅಕ್ಷರ ಮಸುಕಾಗಿದ್ದರೆ ನಕಲಿಯೆಂದು ಅನುಮಾನಿಸಿ.

ಅಂದದ ಪೆಟ್ಟಿಗೆಗಳೇ ಡಿಸ್ಕಿಗೆ ಶತ್ರು. ರಟ್ಟಿನ ಸೀಳಿನಲ್ಲಿ ಸಿಕ್ಕಿಸಿಟ್ಟ ಡಿಸ್ಕನ್ನು ಎಳೆದಾಗಲೆಲ್ಲ ಗೀರು ಬೀಳುತ್ತದೆ, ಕೆಲವೊಮ್ಮೆ ಅಂಟೂ ಮೆತ್ತುತ್ತದೆ. ಡಿಸ್ಕುಗಳನ್ನು ಗುಬುಟಿರುವ ಸಾದಾ ಪ್ಲಾಸ್ಟಿಕ್ ಕೇಸಿಗೆ ವರ್ಗಾಯಿಸಿ, ಪೆಟ್ಟಿಗೆಯನ್ನು ಖಾಲಿಯಾಗಿಯೇ ಮೆರೆಸಿ. ಪಿವಿಸಿ ಚೀಲ ಬೇಡ. ತೆಗೆಯುವಾಗ ನಡುವಿನ ಗುಬುಟನ್ನು ಒತ್ತಿ. ಅಂಚು ಹಿಡಿದು ಬಗ್ಗಿಸಿದರೆ ಅಂಟಿಸಿದ ಎರಡು 0.6 ಮಿ.ಮೀ. ಹಾಳೆಗಳು ಸಡಿಲಗೊಳ್ಳುತ್ತವೆ. ಒರೆಸುವುದು ನಡುವಿನಿಂದ ಅಂಚಿಗೆ ನೇರವಾಗಿ, ಸುತ್ತಿಸಿ ಅಲ್ಲ. 20 ಡಿಗ್ರಿ ಆಸುಪಾಸು, ತೇವಾಂಶ ಶೇ 40–50, ನೆಟ್ಟಗೆ ನಿಲ್ಲಿಸಿಡಿ.

9. ಬೆಲೆಯ ಲೆಕ್ಕ

ತಲಾ 23 ನಿಮಿಷದ 180 ಕಂತು ಎಂದರೆ ಸುಮಾರು 69 ಗಂಟೆ. ದಿನಕ್ಕೆರಡು ನೋಡಿದರೆ ಮೂರು ತಿಂಗಳು. ಒಂದೇ ಸಲ ನೋಡುವ ಆಸೆಯಾದರೆ ಸ್ಟ್ರೀಮಿಂಗಿನ ಮೂರು ತಿಂಗಳ ಚಂದಾ ಹಣದ ಜತೆ ಸೆಟ್ಟಿನ ಬೆಲೆ ಹೋಲಿಸಿ. ಸೆಟ್ ಸೋಲುವುದೇ ಹೆಚ್ಚು. ಅದು ಗೆಲ್ಲುವುದು ಸ್ಟ್ರೀಮಿಂಗಿನಲ್ಲಿ ಸಿಗದ್ದನ್ನು ಕೊಟ್ಟಾಗ. ‘ಮ್ಯಾಶ್’ ಡಿವಿಡಿಗಳಲ್ಲಿ ಹಿನ್ನೆಲೆಯ ನಗು ಇಲ್ಲದ ಧ್ವನಿಪಥ ಆರಿಸಿಕೊಳ್ಳಬಹುದು. ಧಾರಾವಾಹಿಯ ಸ್ವಭಾವವೇ ಬೇರೆ ಅನ್ನಿಸುತ್ತದೆ. 2020ರ ಜೂನ್‌ನಲ್ಲಿ ‘ಗೋಲ್ಡನ್ ಗರ್ಲ್ಸ್’ನ ಒಂದು ಕಂತನ್ನು, ‘30 ರಾಕ್’ನ ನಾಲ್ಕನ್ನು ಸ್ಟ್ರೀಮಿಂಗಿನಿಂದ ತೆಗೆದರು. ಕಪಾಟಿನಲ್ಲಿದ್ದ ಡಿಸ್ಕುಗಳಿಗೆ ಏನೂ ಆಗಲಿಲ್ಲ.

ಮುಂದೆ ಲಾಭಕ್ಕೆ ಮಾರಬಹುದೆಂಬ ಲೆಕ್ಕ ಮಾತ್ರ ಬೇಡ. ಮುದ್ರಣ ನಿಂತ ಸೆಟ್ಟಿನ ಬೆಲೆ ಏರುವುದು ನಿಜ, ಆದರೆ ಹಕ್ಕುದಾರರು ಹೊಸ ಆವೃತ್ತಿ ಘೋಷಿಸಿದ ದಿನವೇ ಅದು ಕುಸಿಯುತ್ತದೆ. ಬೆಲೆ ಉಳಿಸಿಕೊಳ್ಳುವುದು ಹೊಸದರಲ್ಲಿ ಇಲ್ಲದ್ದೇನಾದರೂ ಇರುವ ಹಳೆಯ ಆವೃತ್ತಿ. ಅದಕ್ಕೇ ಬ್ಲೂ-ರೇ ತಂದ ಖುಷಿಯಲ್ಲಿ ಹಳೆಯ ‘ಫ್ರೆಂಡ್ಸ್’ ಡಿವಿಡಿಗಳನ್ನು ಯಾರಿಗೋ ಕೊಟ್ಟುಬಿಡಬೇಡಿ. ಆ ಹೆಚ್ಚಿನ ದೃಶ್ಯಗಳು ಬೇಕೆನಿಸಿದರೆ ಮತ್ತೆ ಅದನ್ನೇ ಹುಡುಕಿ ಕೊಳ್ಳಬೇಕಾಗುತ್ತದೆ.