ಕಿಡ್ನಿ ಸರದಿ ಮತ್ತು ನೀಲಿ ರಟ್ಟಿನ ಪುಸ್ತಕ: ನನ್ನ ಅನುಭವ

ಸತ್ತ ದಾನಿಗಳ ಕಿಡ್ನಿಗೆ ಕಾಯುವವರ ಸರದಿ ನಿಲ್ಲುವುದು ಅಂಕದ ಮೇಲೆ. ನಮ್ಮ ಪಟ್ಟಿಯವರ ದಿನಾಂಕ, ಸೀರಂ, ಫೋನ್ ನಂಬರ್ ಎಲ್ಲ ಸರಿಯಿದೆಯೇ ಎಂದು ನೋಡಲು ನಾನು ಒಂದು ನೀಲಿ ರಟ್ಟಿನ ಪುಸ್ತಕ ಇಟ್ಟಿದ್ದೇನೆ. "ಅಂಕ ಹಾಕುವುದು ಕಂಪ್ಯೂಟರ್, ಹಂಚುವುದು ಜೀವಸಾರ್ಥಕತೆ (ರಾಜ್ಯದ ಅಂಗಾಂಗ ಹಂಚಿಕೆ ಸಂಸ್ಥೆ). ನಡುವೆ ನಿಮ್ಮದೊಂದು ಪುಸ್ತಕ ಎಂಥಕ್ಕೆ ಮಾರಾಯ್ರೆ?" ಮಂಗಳೂರಿನಲ್ಲಿ ನಮ್ಮದೇ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ (ಅಂಗಾಂಗ ಕಸಿಯ ಏರ್ಪಾಡು ನೋಡಿಕೊಳ್ಳುವ) ಕೆಲಸ ಮಾಡುವವರು ಕೇಳಿದ ಮಾತಿದು. ಒಂದೂವರೆ ವರ್ಷದ ಮೇಲೆ ಅದೇ ಪುಸ್ತಕದ ಕಾಲಂಗಳ ಫೋಟೋ ಕಳಿಸಿ ಎಂದು ಮೂರು ಕಡೆಯಿಂದ ಫೋನ್ ಬಂತು. ಹಾಗಾಗಿ ಬರೆದೇ ಬಿಡುತ್ತೇನೆ.

ಅಂಕದ ಲೆಕ್ಕ ಹೀಗೆ. ನೋಟೋ (ರಾಷ್ಟ್ರಮಟ್ಟದ ಅಂಗಾಂಗ ಕಸಿ ಸಂಸ್ಥೆ) ಮಾನದಂಡದಲ್ಲಿ ಡಯಾಲಿಸಿಸ್‌ನ ಪ್ರತಿ ತಿಂಗಳಿಗೆ 1. ಪಿಆರ್‌ಎ (ಬೇರೆಯವರ ಅಂಗವನ್ನು ತಿರಸ್ಕರಿಸುವ ಆ್ಯಂಟಿಬಾಡಿಯ ಶೇಕಡಾ ಅಳತೆ) 20 ದಾಟಿದ ಮೇಲೆ ಪ್ರತಿ ಹತ್ತಕ್ಕೆ ಅರ್ಧ, ಅಂದರೆ ನೂರಕ್ಕೆ ನೂರಿದ್ದರೂ 4. ಆರು ವರ್ಷದೊಳಗಿನ ಮಗುವಿಗೆ 3. ಹಿಂದೆ ಬೇರೆಯವರಿಗೆ ಕಿಡ್ನಿ ಕೊಟ್ಟು ಈಗ ತಮಗೇ ಬೇಕಾದವರಿಗೆ 5. ಪಕ್ಕಪಕ್ಕ ಇಟ್ಟು ನೋಡಿ: ಯಾರ ಕಿಡ್ನಿಯೂ ಸುಲಭಕ್ಕೆ ಹೊಂದದವರಿಗೆ ಸಿಗುವ ಪೂರ್ತಿ ರಿಯಾಯಿತಿ ನಾಲ್ಕು ತಿಂಗಳ ಡಯಾಲಿಸಿಸ್‌ಗೆ ಸಮ. ಹಾಗಿರುವಾಗ ಡಯಾಲಿಸಿಸ್ ಶುರುವಾದ ದಿನಾಂಕವೇ ಹದಿನಾಲ್ಕು ತಿಂಗಳು ತಪ್ಪಿದ್ದರೆ? ಸಮಿತಿಯಲ್ಲಿ ನ್ಯಾಯದ ಬಗ್ಗೆ ಎಷ್ಟು ಹೊತ್ತು ಮಾತಾಡಿದರೂ ಅಷ್ಟೆ, ಅನ್ಯಾಯ ದಿನಾಂಕದ ಆ ಒಂದು ಚೌಕದೊಳಗೆ ಆಗಿಹೋಗಿರುತ್ತದೆ.

ಮೊದಲ ಸುತ್ತಿನಲ್ಲಿ ನಲ್ವತ್ತು ಚಿಲ್ಲರೆ ಫೈಲ್ ಬಿಚ್ಚಿದೆ. ಹನ್ನೊಂದೋ ಹನ್ನೆರಡೋ ದಿನಾಂಕ ತಪ್ಪು, ಹೆಚ್ಚಿನವೂ ಒಂದೇ ತರದ ತಪ್ಪು: ದೊಡ್ಡಾಸ್ಪತ್ರೆಗೆ ಬಂದ ದಿನವನ್ನೇ ಶುರು ಎಂದು ಬರೆದದ್ದು. ಕುಂದಾಪುರದಲ್ಲೋ ಪುತ್ತೂರಿನಲ್ಲೋ ಒಂದು ವರ್ಷ ಡಯಾಲಿಸಿಸ್ ಮಾಡಿಸಿಕೊಂಡು, ಎಕೋ (ಹೃದಯದ ಸ್ಕ್ಯಾನ್), ಟೈಪಿಂಗ್ (ಅಂಗಾಂಶ ಹೊಂದಾಣಿಕೆಯ ಪರೀಕ್ಷೆ) ಎಲ್ಲಕ್ಕೂ ದುಡ್ಡು ಹೊಂದಿಸಿ ಬಂದವರ ಆ ವರ್ಷ ಮಾಯ. ಕೈಯಲ್ಲಿ ಕಾಸಿದ್ದವರು ಮೊದಲ ದಿನದಿಂದ ಒಂದೇ ಕಡೆ ಇರುತ್ತಾರೆ, ಅವರ ದಿನಾಂಕ ತಪ್ಪುವುದೇ ಇಲ್ಲ.

ಪುರಾವೆಯಾಗಿ ಮೊದಲ ಸೆಶನ್‌ನ ಚೀಟಿ ಸಿಕ್ಕಿದರೆ ಒಳ್ಳೆಯದು. ಇಲ್ಲದಿದ್ದರೆ ಆ ಯೂನಿಟ್‌ನ ರಿಜಿಸ್ಟರ್ ಪುಟದ ನಕಲು, ಕೆಳಗೆ ಇನ್‌ಚಾರ್ಜ್ ಸಹಿ. ಫಿಸ್ಟುಲಾ (ಡಯಾಲಿಸಿಸ್‌ಗೆಂದು ಕೈಯ ರಕ್ತನಾಳ ಜೋಡಿಸುವುದು) ಚೀಟಿಯನ್ನು ನಂಬಬೇಡಿ, ಅದನ್ನು ಡಯಾಲಿಸಿಸ್‌ಗೆ ಎರಡು ಮೂರು ತಿಂಗಳ ಮೊದಲೇ ಮಾಡಿರಬಹುದು. ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ತೊಡಕು ಇಲಿಜ್ವರ. ಮಳೆಗಾಲದಲ್ಲಿ ಇಲಿಜ್ವರ ಬಂದು ನಾಲ್ಕೈದು ಸಲ ಡಯಾಲಿಸಿಸ್ ಆಗಿ, ಕಿಡ್ನಿ ಚೇತರಿಸಿಕೊಂಡು, ವರ್ಷಗಳ ಮೇಲೆ ಬೇರೆ ಕಾರಣಕ್ಕೆ ಕಾಯಂ ಡಯಾಲಿಸಿಸ್‌ಗೆ ಬಂದವರ ಆ ಹಳೆಯ ಚೀಟಿ ಲೆಕ್ಕಕ್ಕಿಲ್ಲ. ಎಡೆಬಿಡದೆ ನಡೆದದ್ದು ಎಂದಿನಿಂದಲೋ ಅಂದಿನಿಂದ ಎಣಿಕೆ. ಇಂಥ ಒಂದು ಹೆಸರಿನ ಅಂಕ ಇಳಿಸಿದಾಗ ಮನೆಯವರು ಜಗಳಕ್ಕೇ ಬಂದರು. ಏರಿಸುವಾಗ ಇದ್ದ ನಿಯಮ ಇಳಿಸುವಾಗಲೂ ಇರಬೇಕಲ್ಲ. ಹತ್ತು ವರ್ಷ ಹಿಂದಿನ ರಿಜಿಸ್ಟರ್ ಹೊರಗೆ ತರಿಸುವುದು ಹೇಗೆಂದು ಮಾತ್ರ ಕೇಳಬೇಡಿ. ಬರೆದರೆ ಆ ಬಾಗಿಲು ಮುಚ್ಚುತ್ತದೆ.

ದುಡ್ಡು ಹಾಳಾದದ್ದು ಸೀರಂ ವಿಷಯದಲ್ಲಿ. ದಾನಿಯ ಕಿಡ್ನಿ ಹೊಂದುತ್ತದೋ ಎಂದು ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆಗೆಂದು, ಕಾಯುವವರ ಸೀರಂ (ರಕ್ತದ ತಿಳಿ ಭಾಗ) ಮೂರು ತಿಂಗಳಿಗೊಮ್ಮೆ ಹೊಸದಾಗಿ ತೆಗೆದಿಡುವುದು ಕ್ರಮ. ನಡುವೆ ಅವರಿಗೆ ರಕ್ತ ಏರಿಸಿದ್ದರೆ ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೊಮ್ಮೆ ತೆಗೆಯಬೇಕು, ಹೊಸ ಆ್ಯಂಟಿಬಾಡಿ ಹುಟ್ಟುವುದು ಆಗಲೇ. ಉಳಿತಾಯ ಎಂದುಕೊಂಡು ಇಪ್ಪತ್ತೆಂಟು ಸಾವಿರದ ಮನೆಬಳಕೆಯ ಫ್ರಾಸ್ಟ್-ಫ್ರೀ ಫ್ರಿಜ್ ತಂದೆವು. ಅದು ಐಸ್ ಕಟ್ಟದ ಹಾಗೆ ತಾನಾಗಿ ಬೆಚ್ಚಗಾಗುತ್ತದೆ, ಅದೇ ಅದರ ಕೆಲಸ! ಸೀರಂ ಕರಗಿ ಹೆಪ್ಪುಗಟ್ಟಿ, ಮತ್ತೆ ಕರಗಿ, ಆ್ಯಂಟಿಬಾಡಿ ಬಲ ಕಳೆದುಕೊಂಡಿತು. ಇದರ ಅಪಾಯ ಏನೆಂದರೆ ಕ್ರಾಸ್‌ಮ್ಯಾಚ್ ಸುಳ್ಳು ನೆಗೆಟಿವ್ ಬರಬಹುದು, ಅಂದರೆ ಹೊಂದದ ಕಿಡ್ನಿಯೂ ಹೊಂದುವ ಹಾಗೆ ಕಾಣಬಹುದು. ಆಮೇಲೆ ಮೂವತ್ತೈದು ಸಾವಿರದ ಆಸುಪಾಸಿಗೆ ಸೆಕೆಂಡ್‌ಹ್ಯಾಂಡ್ ಡೀಪ್ ಫ್ರೀಜರ್ ಸಿಕ್ಕಿತು, ಇನ್ವರ್ಟರ್ ಬೇರೆ. ಈಗ ಒಬ್ಬೊಬ್ಬರದ್ದು ಅರ್ಧ ಎಂಎಲ್‌ನ ನಾಲ್ಕು ವಯಲ್. ಒಮ್ಮೆ ಕರಗಿಸಿದ್ದನ್ನು ವಾಪಸ್ ಇಡುವ ಹಾಗಿಲ್ಲ.

ದಾನಿಯ ರಕ್ತಕ್ಕೆ ಇದರ ಉಲ್ಟಾ. ಎಸಿಡಿ (ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ದ್ರಾವಣ) ಟ್ಯೂಬ್‌ನಲ್ಲಿ ಕೋಣೆಯ ಬಿಸಿಯಲ್ಲೇ ಹೋಗಬೇಕು. ಒಮ್ಮೆ ಯಾರೋ ಕಾಳಜಿಯಿಂದ ಐಸ್‌ಪ್ಯಾಕ್ ಇಟ್ಟರು. ಕ್ರಾಸ್‌ಮ್ಯಾಚ್‌ಗೆ ಬೇಕಾದ ಬಿಳಿ ರಕ್ತಕಣಗಳು (ಲಿಂಫೋಸೈಟ್) ಸತ್ತು ಫಲಿತಾಂಶವೇ ಬರಲಿಲ್ಲ, ಮತ್ತೆ ರಕ್ತ ತೆಗೆದು ಕಳಿಸುವಷ್ಟರಲ್ಲಿ ನಾಲ್ಕು ತಾಸು ಹೋಯಿತು. ಈಗ ಡಬ್ಬದ ಮುಚ್ಚಳದ ಮೇಲೆ ಕೆಂಪು ಮಾರ್ಕರ್‌ನಲ್ಲಿ 'ಐಸ್ ಬೇಡ' ಎಂದು ಬರೆದಿದೆ.

ಹೆಸರನ್ನು ಇನ್‌ಆಕ್ಟಿವ್ (ಸದ್ಯಕ್ಕೆ ಕರೆ ಬೇಡ ಎಂದು ತಡೆಹಿಡಿಯುವುದು) ಮಾಡುವುದು ಸುಲಭ, ವಾಪಸ್ ಆಕ್ಟಿವ್ ಮಾಡುವ ನೆನಪು ಯಾರಿಗಿರುತ್ತದೆ? ಕ್ಯಾತಿಟರ್ (ಡಯಾಲಿಸಿಸ್ ಕೊಳವೆ) ಸೋಂಕು ಎಂದು ಇನ್‌ಆಕ್ಟಿವ್ ಆದ ಇಬ್ಬರು, ಸೋಂಕು ವಾಸಿಯಾಗಿ ಎರಡು ತಿಂಗಳಾದರೂ ಹಾಗೇ ಇದ್ದರು. ಅಂಕ ಏರುತ್ತಲೇ ಇತ್ತು, ಕರೆ ಮಾತ್ರ ಬರುತ್ತಿರಲಿಲ್ಲ. ಪುಸ್ತಕದಲ್ಲಿ ಈಗ ಕಾರಣದ ಪಕ್ಕದಲ್ಲೇ 'ಯಾವಾಗ ಮತ್ತೆ ನೋಡುವುದು' ಎಂಬ ಕಾಲಂ ಉಂಟು. ಆ ದಿನಾಂಕ ಬರೆಯದೆ ಯಾರನ್ನೂ ಇನ್‌ಆಕ್ಟಿವ್ ಮಾಡಲು ಬಿಡುವುದಿಲ್ಲ, ಡಾಕ್ಟರ್ ಆಗಲಿ ಯಾರಾಗಲಿ.

ಕಿಡ್ನಿ ಇದೆ ಎಂಬ ಕರೆ ಬಂದಾಗ ದೂರದವರನ್ನು ದಾಟಿಸಿಬಿಡುವ ಚಾಳಿ ಇತ್ತು. "ಬೈಂದೂರಿನವರು, ಮುಟ್ಟುವುದು ತಡ." ಇದು ಲಿವರ್ ಹಂಚುವವರ ಅವಸರ. ದಾನಿಯಿಂದ ತೆಗೆದ ಮೇಲೆ ಲಿವರ್‌ಗೆ 8ರಿಂದ 12 ತಾಸು, ಕಿಡ್ನಿಗೆ ಒಂದು ದಿನವೇ ಇದೆ. ಕ್ರಾಸ್‌ಮ್ಯಾಚ್‌ಗೇ ಐದಾರು ತಾಸು ಬೇಕು, ಅಷ್ಟರಲ್ಲಿ ಬೈಂದೂರಿನಿಂದ ಹೊರಟವರು ಊಟ ಬಿಟ್ಟು ಬಂದು ಕೂತಿರುತ್ತಾರೆ. ಒಂದು ಹೆಸರನ್ನು ಬೇಡ ಎಂದಾಗಲೆಲ್ಲ ಹತ್ತು ನಿಮಿಷದೊಳಗೆ ಕಾರಣ ಬರೆಯಬೇಕು ಎಂದು ಮಾಡಿದೆವು. ಐದೇ ಕಾರಣ, ಅದರಲ್ಲಿ 'ದೂರ' ಇಲ್ಲ. ಕಾಲಂನಲ್ಲಿ ಇಲ್ಲದ ಕಾರಣ ನಾಲ್ಕೇ ತಿಂಗಳಲ್ಲಿ ಬಾಯಿಂದಲೂ ಹೋಯಿತು.

ಮೊದಲಿನವರಿಗೆ ಹೊಂದದಿದ್ದರೆ ಎಂದು ಸ್ಟ್ಯಾಂಡ್‌ಬೈ ಆಗಿ ಬಂದು ಬರಿಗೈಯಲ್ಲಿ ವಾಪಸ್ ಹೋಗುವವರ ಗಾಡಿ ಬಾಡಿಗೆ ಯಾರು ಕೊಡುವುದು ಎಂಬುದು ದೊಡ್ಡ ರಗಳೆ. ಎರಡು ಸಲ ಬಂದು ಕೈಯಿಂದ ಐದಾರು ಸಾವಿರ ಕಳೆದುಕೊಂಡವರು ಮೂರನೇ ಸಲ ಫೋನ್ ಎತ್ತುವುದಿಲ್ಲ, ಎತ್ತದವರ ಸರದಿ ಪಕ್ಕದವರಿಗೆ. ಈಗ ಸಣ್ಣ ನಿಧಿಯೊಂದರಿಂದ ತಲಾ ಎರಡು ಸಾವಿರ ಹೋಗುತ್ತದೆ. ವರ್ಷಕ್ಕೆ ಮೂವತ್ತು ಸಾವಿರ ದಾಟಿಲ್ಲ. ಕರೆಯುವಾಗಲೇ "ನೀವು ಎರಡನೆಯವರು" ಎಂದು ಹೇಳಿಬಿಡಬೇಕು, ಮುಚ್ಚಿಡಬಾರದು.

ನಡುವೆ ಒಂದು ಪಕ್ಕದ ಪ್ರಯೋಗ, ಲಿವರ್ ಪಟ್ಟಿಯದ್ದು. ಬಿಲಿರುಬಿನ್ 4, ಕ್ರಿಯಾಟಿನಿನ್ 0.8, ಐಎನ್‌ಆರ್ (ರಕ್ತ ಹೆಪ್ಪುಗಟ್ಟುವುದರ ಅಳತೆ) 1.8 ಇದ್ದರೆ ಮೆಲ್ಡ್, ಅಂದರೆ ಲಿವರ್ ಸರದಿಯ ಅಂಕ, 18. ಅದೇ ರಕ್ತಕ್ಕೆ ಇನ್ನೊಂದು ಲ್ಯಾಬ್ ಐಎನ್‌ಆರ್ 2.1 ಕೊಟ್ಟರೆ 20. ರೋಗ ಒಂದೇ, ಲ್ಯಾಬ್ ಬೇರೆ, ಎರಡು ಅಂಕ ಬಿಟ್ಟಿ. ಹಾಗಾಗಿ ಎಲ್ಲರದ್ದೂ ಒಂದೇ ಲ್ಯಾಬ್‌ಗೆ. ಹೆಂಗಸರದ್ದು ಬೇರೆ ಕಥೆ. ಮಾಂಸಖಂಡ ಕಡಿಮೆ, ಕ್ರಿಯಾಟಿನಿನ್ ಕಡಿಮೆ, ಕಿಡ್ನಿ ಕೆಟ್ಟಿದ್ದರೂ ಅಂಕ ಏರುವುದಿಲ್ಲ. ಅಮೆರಿಕದಲ್ಲಿ 2023ರಿಂದ ಬಳಕೆಗೆ ಬಂದ ಮೆಲ್ಡ್ 3.0 ಅವರಿಗೆ 1.33 ಸೇರಿಸುತ್ತದೆ. ನಮ್ಮ ಪಟ್ಟಿಗೆ ಅದನ್ನು ಪೆನ್ಸಿಲ್‌ನಲ್ಲಿ ಹಾಕಿ ನೋಡಿದೆ, ಮೇಲಿನ ನಾಲ್ಕರಲ್ಲಿ ಒಂದು ಸ್ಥಾನ ಅದಲುಬದಲಾಯಿತು. ಅಧಿಕೃತವಲ್ಲದ್ದರಿಂದ ಪೆನ್ಸಿಲ್‌ನಲ್ಲೇ ಇರಲಿ.

ಇನ್ನು ಫೋನ್ ನಂಬರ್. ಒಬ್ಬರಿಗೆ ಮೂರು ಬೇಕು, ಮೂರೂ ಬೇರೆ ಬೇರೆ ಮನೆಯದ್ದು. ಮಲ್ಪೆ ಕಡೆಯ ಫೈಲ್‌ಗಳಲ್ಲಿ ಮಗನ ನಂಬರ್ ಇರುತ್ತದೆ, ಮಗ ಬೋಟ್‌ನಲ್ಲಿ ಹತ್ತು ದಿನ ಆಳಸಮುದ್ರದಲ್ಲಿ. ಕೆಲವರದ್ದು ದುಬೈ ನಂಬರ್. ತಿಂಗಳ ಮೊದಲ ಸೋಮವಾರ ಮೂರಕ್ಕೂ ಮಿಸ್ಡ್ ಕಾಲ್ ಅಲ್ಲ, ಮಾತಾಡಿಯೇ ಟಿಕ್. ಕೊನೆಗೆ ಸೇರಿಸಿದ ಕಾಲಂ ಭಾಷೆಯದ್ದು: ತುಳು, ಬ್ಯಾರಿ, ಕೊಂಕಣಿ, ಮಲಯಾಳಂ. ರಾತ್ರಿ ಎರಡು ಗಂಟೆಗೆ ಕಾಸರಗೋಡಿನ ಮನೆಗೆ ಪರಿಚಯವಿಲ್ಲದ ಸ್ವರ ಕನ್ನಡದಲ್ಲಿ "ಕಿಡ್ನಿ ಉಂಟು, ಬನ್ನಿ" ಎಂದರೆ ಮೋಸಗಾರರೆಂದು ಫೋನ್ ಇಟ್ಟುಬಿಡುತ್ತಾರೆ, ಅವರ ತಪ್ಪಲ್ಲ. ಅವರ ಡಯಾಲಿಸಿಸ್ ಸಿಸ್ಟರ್‌ನ ಕೈಯಲ್ಲೇ ಮೊದಲ ಫೋನ್ ಮಾಡಿಸಿ.