ದೇವರ ಗುಣ ಸೋಮವಾರದಿಂದ ಶನಿವಾರದ ತನಕ ಕಾಣ್ಬೇಕಾ? ಯಾಜಕಕಾಂಡ 19 ತೆಗೀರಿ

ದೇವರ ಗುಣ ನಮ್ಮಲ್ಲಿ ಕಾಣ್ಬೇಕು ಅಂತ ಪ್ರತಿ ಭಾನುವಾರ ಪ್ರಸಂಗದಲ್ಲಿ ಕೇಳ್ತೀವಿ, ಆಮೆನ್ ಅಂತೀವಿ, ಆದ್ರೆ ಸೋಮವಾರ ಬೆಳಗ್ಗೆ ಅದನ್ನ ಎಲ್ಲಿಂದ ಶುರು ಮಾಡೋದು ಅಂತ ಯಾರೂ ಹೇಳಲ್ಲ, ನಾವೂ ಸ್ಟೇಟಸ್‌ಗೆ ಒಂದು ವಚನ ಹಾಕಿ ಸುಮ್ನಾಗ್ತೀವಿ. ನನ್ನ ಕೇಳಿದ್ರೆ ಬೈಬಲ್‌ನ ಯಾಜಕಕಾಂಡ 19ನೇ ಅಧ್ಯಾಯದಿಂದ ಶುರು ಮಾಡಿ. ಬರೀ ಬಲಿ, ರಕ್ತ, ಕುಷ್ಠ ಅಂತ ನಾವು ಹಾರಿಸಿಬಿಡೋ ಪುಸ್ತಕ ಅದು. ಆದ್ರೆ ಈ ಅಧ್ಯಾಯದಲ್ಲಿ ನಾನು ಪರಿಶುದ್ಧನು, ನೀವೂ ಪರಿಶುದ್ಧರಾಗಿರಿ ಅಂತ ದೇವರು ಹೇಳಿದ ಮೇಲೆ ಏನೇನು ಬರುತ್ತೆ ನೋಡಿ: ತಂದೆ ತಾಯಿ, ಹೊಲದ ಅಂಚು, ಕೂಲಿ, ಚಾಡಿ, ತಕ್ಕಡಿ. ಮಧ್ಯೆ ಮಧ್ಯೆ ಮತ್ತೆ ಮತ್ತೆ "ನಾನು ಯೆಹೋವನು" ಅಂತ ಸಹಿ ಹಾಕಿದ ಹಾಗೆ ಬರುತ್ತೆ.

ಮೊದಲು ಕೊಡಬೇಕಾದ ದುಡ್ಡು ಕೊಟ್ಟುಬಿಡಿ. 13ನೇ ವಚನ ಇದನ್ನೇ ಹೇಳೋದು, ಕೂಲಿಯವನ ದುಡ್ಡು ರಾತ್ರಿಯೆಲ್ಲ ನಿಮ್ಮ ಹತ್ರ ಇರಬಾರದು ಅಂತ. ಧರ್ಮೋಪದೇಶಕಾಂಡ 24ರಲ್ಲಿ ಇನ್ನೂ ಬಿಗಿ, ಹೊತ್ತು ಮುಳುಗೋ ಮುಂಚೆ ಕೊಡಬೇಕು, ಯಾಕಂದ್ರೆ ಅವನು ಬಡವ, ಅದನ್ನೇ ನಂಬಿಕೊಂಡು ಕೂತಿರ್ತಾನೆ. ಮನೆ ಕೆಲಸಕ್ಕೆ ಬರೋ ಅಕ್ಕ ಒಂದನೇ ತಾರೀಕು ಪಾತ್ರೆಯೆಲ್ಲ ತೊಳೆದಿಟ್ಟು, ಕೈ ಒರೆಸ್ಕೊಂಡು, ಬಾಗಿಲ ಹತ್ರ ಸುಮ್ನೆ ಒಂದು ನಿಮಿಷ ನಿಲ್ತಾರಲ್ಲ, ಬಾಯಿಬಿಟ್ಟು ಕೇಳಲ್ಲ, ಆ ಒಂದು ನಿಮಿಷ ಅವರು ನಿಲ್ಲೋ ಹಾಗೆ ಆಗಬಾರದು. ಅವರು ಬರೋಷ್ಟರಲ್ಲಿ ದುಡ್ಡು ಎಣಿಸಿಟ್ಟಿರಿ. ನೀವು ಕ್ರಿಸ್‌ಮಸ್‌ಗೆ ಊರಿಗೆ ಹೋದ್ರೆ ಆ ದಿನಗಳ ಸಂಬಳ ಕಟ್ ಮಾಡಬೇಡಿ, ರಜೆ ಬೇಕಿದ್ದದ್ದು ನಿಮಗೆ ಅಲ್ವಾ. ಪ್ಲಂಬರ್, ಪೇಂಟರ್, ಟೈಲರ್ ಎಲ್ಲರಿಗೂ ಇದೇ ಲೆಕ್ಕ, ಫೋನ್‌ಪೇ ಇರೋ ಕಾಲದಲ್ಲಿ "ನಾಳೆ ಕೊಡ್ತೀನಿ ಕಣಪ್ಪ" ಅನ್ನೋಕೆ ನೆಪಾನೂ ಉಳಿದಿಲ್ಲ.

ಆಮೇಲೆ ಹೊಲದ ಅಂಚು. ಅಂಚಿನ ತನಕ ಕೊಯ್ಯಬೇಡಿ, ಉದುರಿದ ತೆನೆ ಆರಿಸಬೇಡಿ, ಅದು ಬಡವರಿಗೆ ಪರದೇಶಿಗಳಿಗೆ ಬಿಡಿ ಅಂತಿದೆ. ಈಗ ಹೊಲ ಇಲ್ಲ, ಸಂಬಳ ಇದೆ. ತಿಂಗಳ ಕೊನೆಗೆ ಉಳಿದ್ರೆ ಕೊಡೋಣ ಅಂದ್ರೆ ಯಾರಿಗೂ ಉಳಿಯಲ್ಲ, ಸಂಬಳ ಬಿದ್ದ ದಿನಾನೇ ಒಂದು ಭಾಗ ಬೇರೆ ಎತ್ತಿಡಿ. ಕೊಡುವಾಗ ಬೈಬಲ್‌ನಲ್ಲಿ ಬರೋ ಹೊಲದ ಯಜಮಾನ ಬೋವಜನ್ನ ನೆನೆಸ್ಕೊಳ್ಳಿ: ಪರದೇಶದ ಬಡ ವಿಧವೆ ರೂತಳು ಹಕ್ಕಲಾಯೋಕೆ, ಅಂದ್ರೆ ಉದುರಿದ ತೆನೆ ಆರಿಸೋಕೆ ಬಂದಾಗ ಅವಳನ್ನ ಗದರಿಸಬೇಡಿ, ಸಿವುಡಿನಿಂದ ಬೇಕು ಅಂತಾನೇ ಒಂದಿಷ್ಟು ತೆನೆ ಎಳೆದು ಬೀಳಿಸಿ ಅಂತ ಆಳುಗಳಿಗೆ ಹೇಳಿದ. ಅವಳಿಗೆ ಸಿಕ್ಕಿತು, ಮುಜುಗರ ಆಗಲಿಲ್ಲ. ರೇಷನ್ ಕಿಟ್ ಕೊಟ್ಟು ಫೋಟೋ ತೆಗೆಸ್ಕೊಳ್ಳೋ ನಮ್ಮ ಸಭೆಗಳು ಇದನ್ನ ಸ್ವಲ್ಪ ನಿಧಾನವಾಗಿ ಓದಬೇಕು.

ಚಾಡಿ ವಿಷಯಕ್ಕೆ ಬಂದ್ರೆ (16ನೇ ವಚನ), ನಮ್ಮಲ್ಲಿ ಅದಕ್ಕೆ ಪ್ರಾರ್ಥನಾ ವಿಜ್ಞಾಪನೆ ಅಂತ ಒಳ್ಳೆ ಹೆಸರು ಬೇರೆ ಇದೆ. "ಬ್ರದರ್, ಅವರ ಮಗಳ ವಿಷಯ ಪ್ರಾರ್ಥನೆಯಲ್ಲಿ ಇಟ್ಕೊಳ್ಳಿ, ಏನೋ ಆಗಿದ್ಯಂತೆ" ಅಂತ ಶುರುವಾಗಿ ಆಮೆನ್ ಅನ್ನೋಷ್ಟರಲ್ಲಿ ಇಡೀ ಊರಿಗೆ ಗೊತ್ತಾಗಿರುತ್ತೆ. ಸಂಬಂಧಪಟ್ಟವರ ಹತ್ರ "ಇದನ್ನ ಗುಂಪಲ್ಲಿ ಹೇಳ್ಲಾ" ಅಂತ ಕೇಳಿ. ಬೇಡ ಅಂದ್ರೆ ನೀವೊಬ್ಬರೇ ಪ್ರಾರ್ಥನೆ ಮಾಡಿ, ದೇವರಿಗೆ ಸಾಕು.

ಕೋಪ ಬಂದ್ರೆ ಏನು ಮಾಡೋದು? ವಿಮೋಚನಕಾಂಡ 34ರಲ್ಲಿ ದೇವರು ತಾನೇ ತನ್ನನ್ನ ಕನಿಕರ ಉಳ್ಳವನು, ದೀರ್ಘಶಾಂತನು ಅಂತ ಹೇಳ್ಕೊಳ್ತಾನೆ, ಅದೂ ಜನ ಬಂಗಾರದ ಕರು ಮಾಡಿ ಪೂಜಿಸಿದ ಗಲಾಟೆ ಆದ ಮೇಲೆ, ಅಂದ್ರೆ ಕೋಪಕ್ಕೆ ನಿಜವಾದ ಕಾರಣ ಇದ್ದಾಗ. ಹಾಗಂತ ಮುಖ ಊದಿಸ್ಕೊಂಡು ಎರಡು ವಾರ ಮಾತು ಬಿಡೋದು ದೀರ್ಘಶಾಂತಿ ಅಲ್ಲ. 17ನೇ ವಚನ ಮನಸ್ಸಲ್ಲಿ ಹಗೆ ಇಟ್ಕೋಬೇಡ, ನೇರವಾಗಿ ಹೇಳು ಅನ್ನುತ್ತೆ. ಫ್ಯಾಮಿಲಿ ಗ್ರೂಪಲ್ಲಿ ಕುಟುಕು ಮೆಸೇಜ್ ಹಾಕೋ ಬದಲು ಫೋನ್ ಮಾಡಿ, "ಅಣ್ಣ, ಅವತ್ತು ಎಲ್ಲರ ಮುಂದೆ ಹಾಗಂದಿದ್ದು ನಂಗೆ ಬೇಜಾರಾಯ್ತು" ಅಂತ ಆ ಒಂದೇ ವಿಷಯ ಹೇಳಿ. ಆಸ್ತಿ ಭಾಗ, ಹಳೇ ಮದುವೆ, ಅತ್ತಿಗೆ ಅಂದಿದ್ದು ಎಲ್ಲ ಅದೇ ಫೋನಲ್ಲಿ ಎಳೀಬೇಡಿ.

ಇನ್ನು ಸಣ್ಣ ಸಣ್ಣವು. ಬಸ್ಸಲ್ಲಿ ತಲೆ ನರೆತವರು ಬಂದ್ರೆ ಏಳಿ, ನರೆತ ತಲೆಯ ಮುಂದೆ ಎದ್ದು ನಿಲ್ಲಬೇಕು ಅಂತ 32ನೇ ವಚನದಲ್ಲಿ ನೇರವಾಗೇ ಇದೆ. ಬಿಹಾರದಿಂದ, ಅಸ್ಸಾಮಿಂದ ಬಂದ ಸೆಕ್ಯೂರಿಟಿ ಹುಡುಗನ್ನ "ಏ ಭಯ್ಯಾ" ಅಂತ ಕರೆಯೋದು ಬಿಟ್ಟು ಹೆಸರು ಕೇಳಿ, ಪರದೇಶಿಯನ್ನ ನಿಮ್ಮಂತೆಯೇ ಪ್ರೀತಿಸಿ ಅನ್ನೋದು ಇದೇ ಅಧ್ಯಾಯ. ಹಳೇ ಸ್ಕೂಟರ್ ಮಾರುವಾಗ ಇಂಜಿನ್ ಆಯಿಲ್ ಸೋರೋದು ತಗೊಳ್ಳೋರಿಗೆ ಹೇಳಿ, ಬೆಲೆ ಇಳಿಯುತ್ತೆ, ಇಳೀಲಿ, ನ್ಯಾಯವಾದ ತಕ್ಕಡಿ ಅಂದ್ರೆ ಅದೇ.

ಇದೆಲ್ಲ ಮಾಡಿ ದೇವರ ಹತ್ರ ಮಾರ್ಕ್ಸ್ ತಗೊಳ್ಳೋಕೆ ಅಲ್ಲ, ರಕ್ಷಣೆ ಕೃಪೆಯಿಂದಾನೇ. ಗಲಾತ್ಯ 5ರಲ್ಲಿ ಅಪೊಸ್ತಲ ಪೌಲ ಇದನ್ನ ಆತ್ಮನ ಫಲ, ಅಂದ್ರೆ ಪವಿತ್ರಾತ್ಮ ನಮ್ಮಲ್ಲಿ ಬೆಳೆಸೋ ಫಲ ಅಂತಾನೆ, ಫಲಕ್ಕೆ ಟೈಮ್ ಬೇಕು, ಎಡವೋದೂ ಇರುತ್ತೆ. ಎಡವಿದಾಗ ಪ್ರಾರ್ಥನೆಯಲ್ಲಿ ಅತ್ತು ಅಷ್ಟಕ್ಕೇ ಬಿಡಬೇಡಿ. ಯಾಜಕಕಾಂಡ 6ರ ಪ್ರಕಾರ ಮೋಸದಿಂದ ತಗೊಂಡಿದ್ದನ್ನ ಪೂರ್ತಿ ವಾಪಸ್ ಕೊಟ್ಟು ಅದರ ಮೇಲೆ ಐದನೇ ಒಂದು ಭಾಗ ಸೇರಿಸಬೇಕು, ಸುಂಕದವರ ಮುಖ್ಯಸ್ಥ ಜಕ್ಕಾಯ ಯೇಸುವಿನ ಮುಂದೆ ನಾಲ್ಕರಷ್ಟು ಕೊಡ್ತೀನಿ ಅಂದ. ಮನೆ ಖಾಲಿ ಮಾಡಿ ಹೋದ ಬಾಡಿಗೆಯವರ ಅಡ್ವಾನ್ಸಲ್ಲಿ ಪೇಂಟಿಂಗ್ ಹೆಸರಲ್ಲಿ ಜಾಸ್ತಿ ಹಿಡ್ಕೊಂಡಿದ್ರೆ ಅವರ ನಂಬರ್ ಹುಡುಕಿ, ಐದನೇ ಒಂದು ಭಾಗ ಸೇರಿಸಿ ಕಳಿಸಿ, ಯಾಕೆ ಕಳಿಸ್ತಿದ್ದೀರಿ ಅಂತಾನೂ ಹೇಳಿ.